ಸಿಂಧನೂರು ಕಡೆ ಮನೆ ಕಟ್ಟಿದವರು ಹೇಳಿ: ಮಣ್ಣಿನ ಬ್ಲಾಕಾ, ಬೂದಿ ಇಟ್ಟಿಗೆಯಾ?

ಕಾಲುವೆ ಕೆಳಗಿನವನು (ಸಿಂಧನೂರು)

ಎಲ್ಲರಿಗೂ ನಮಸ್ಕಾರ. ಸಿಂಧನೂರಿನ ಹೊರಗೆ 30-40 ಸೈಟ್ ಇದೆ. ಹಿಂದೆ ಭತ್ತದ ಗದ್ದೆ, ಈಗ ಲೇಔಟ್. ಅಪ್ಪಟ ಎರೆ ಮಣ್ಣು. ಭತ್ತ ಮಾರಿದ ದುಡ್ಡು ಕೈಗೆ ಬಂದ ಮೇಲೆ ಮನೆ ಶುರು ಮಾಡಬೇಕು. ಎರಡು ಕೋಣೆ, ಒಂದು ಹಾಲ್, ಅಡುಗೆ ಮನೆ. ಸದ್ಯಕ್ಕೆ ಒಂದೇ ಅಂತಸ್ತು.

ಆಸೆ ಇಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಏಸಿ ಇಲ್ಲದೆ ಅವ್ವ ಮಧ್ಯಾಹ್ನ ಒಂದು ನಿದ್ದೆ ತೆಗೆಯುವಂತಿರಬೇಕು. ಅವ್ವನಿಗೆ ಏಸಿ ಗಾಳಿ ಆಗಿಬರುವುದಿಲ್ಲ. ಕರೆಂಟ್ ಹೋದರೆ ಏಸಿ ಇದ್ದೂ ಇಲ್ಲದ ಹಾಗೆಯೇ.

ಮಾವನವರ ಹೊಲ ಮಸ್ಕಿ ಕಡೆ ಇದೆ, ಮಸಾರಿ (ಉಸುಕು ಬೆರೆತ ಕೆಂಪು ಮಣ್ಣಿನ) ನೆಲ. ಅಲ್ಲಿಂದ ಟ್ರ್ಯಾಕ್ಟರ್‌ನಲ್ಲಿ ಮಣ್ಣು ತಂದು ಬ್ಲಾಕ್ ಒತ್ತಿಸಲೋ, ಶಕ್ತಿನಗರದ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿಯಿಂದ ಮಾಡಿದ ಇಟ್ಟಿಗೆ ತರಿಸಲೋ? ಯೂಟ್ಯೂಬ್‌ನಲ್ಲಿ ಪರಿಸರಸ್ನೇಹಿ ಮನೆ ಅಂತ ತೋರಿಸುವುದೆಲ್ಲ ಕೇರಳ, ಬೆಂಗಳೂರಿನವು. ನಮ್ಮ ಬಿಸಿಲಿನಲ್ಲಿ ಇದ್ದವರು ಹೇಳಿದರೆ ಉಪಕಾರ.

ಬಳ್ಳಾರಿ ಬಿಸಿಲು

ಎರಡೂ ಬೇಡ. ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್ ಬ್ಲಾಕ್) ಹಾಕಿ ಸುಮ್ನೆ ಇರಿ. ಹಗುರ, ಬೇಗ ಏಳುತ್ತದೆ, ಸೆಖೆ ಒಳಗೆ ಬಿಡುವುದಿಲ್ಲ.

ಕುಷ್ಟಗಿ ಸಿವಿಲ್

ತಮ್ಮ, ನೀವು ಗೋಡೆ ಬಗ್ಗೆ ಕೇಳುತ್ತಿದ್ದೀರಿ. ನಾನು ಅದರ ಕೆಳಗಿನದ್ದನ್ನು ಮೊದಲು ಕೇಳುತ್ತೇನೆ. ಎಷ್ಟು ಅಡಿ ತೋಡಿದರೆ ಗರಸು (ಎರೆ ಮಣ್ಣಿನ ಕೆಳಗಿನ ಗಟ್ಟಿ ಕಲ್ಲುಮಣ್ಣು) ಸಿಗುತ್ತದೆ? ಪಕ್ಕದ ಸೈಟಿನಲ್ಲಿ ಯಾರಾದರೂ ತೋಡಿದ್ದಾರಾ?

ಎರೆ ಮಣ್ಣು ನೀರು ಕುಡಿದರೆ ಊದುತ್ತದೆ, ಒಣಗಿದರೆ ಬಿರಿಯುತ್ತದೆ. ನಿಮಗೆ ಗೊತ್ತಿರುವುದೇ, ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಹೋಗುತ್ತದೆ ಅಲ್ವಾ? ಮನೆ ಅದೇ ನೆಲದ ಮೇಲೆ ನಿಲ್ಲಬೇಕು. ಮಣ್ಣಿನ ಬ್ಲಾಕ್ ಹಾಕಿ, ಬೂದಿ ಇಟ್ಟಿಗೆ ಹಾಕಿ, ಬೆಳ್ಳಿ ಇಟ್ಟಿಗೆಯನ್ನೇ ಹಾಕಿ, ಪಾಯ ಅಲ್ಲಾಡಿದರೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳು ಬರುತ್ತದೆ. ಆಮೇಲೆ ಊರಲ್ಲೆಲ್ಲ "ಮಣ್ಣಿನ ಬ್ಲಾಕ್ ಸರಿ ಇಲ್ಲ" ಅನ್ನುತ್ತಾರೆ. ತಪ್ಪು ಬ್ಲಾಕಿನದ್ದಲ್ಲ.

ಗರಸು ಐದಾರು ಅಡಿಯೊಳಗೆ ಸಿಕ್ಕರೆ ಅಲ್ಲಿವರೆಗೆ ತೋಡಿ ಕಲ್ಲಿನ ಪಾಯ ಹಾಕಿ. ಸಿಗದಿದ್ದರೆ ಅಂಡರ್ ರೀಮ್ಡ್ ಪೈಲ್. ಅಂದರೆ ಕೆಳತುದಿಯಲ್ಲಿ ಗೆಡ್ಡೆಯ ಹಾಗೆ ದಪ್ಪ ಬಿಟ್ಟ ಕಾಂಕ್ರೀಟ್ ಕಂಬ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕೆಂದೇ ಬಳಕೆಗೆ ತಂದದ್ದು. ಮೂರು, ಮೂರೂವರೆ ಮೀಟರ್ ಆಳಕ್ಕೆ ಹೋಗುತ್ತದೆ. ಅಷ್ಟು ಕೆಳಗೆ ಮಳೆಗಾಲ, ಬೇಸಿಗೆಯ ವ್ಯತ್ಯಾಸ ಮಣ್ಣಿಗೆ ಅಷ್ಟಾಗಿ ತಟ್ಟುವುದಿಲ್ಲ. ಮನೆ ಸುತ್ತ ಮೂರಡಿ ಅಗಲ ಕಲ್ಲು ಹಾಸಿ ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಕೊಡಿ. ಗೋಡೆ ಪಕ್ಕದಲ್ಲೇ ಬಚ್ಚಲ ನೀರು ಬಿಡಬೇಡಿ. ಇದಕ್ಕೆ ದುಡ್ಡು ಉಳಿಸಲು ಹೋಗಬೇಡಿ, ಬೇಕಾದರೆ ಟೈಲ್ಸ್‌ನಲ್ಲಿ ಉಳಿಸಿ.

ಕಾಲುವೆ ಕೆಳಗಿನವನು

ಪಕ್ಕದವರು ಆರಡಿ ತೋಡಿದಾಗ ಗರಸು ಬಂತಂತೆ ಅಣ್ಣ. ಆದರೆ ನಮ್ಮದು ಕಾಲುವೆಗೆ ಹತ್ತಿರ. ನೀರು ಬಿಟ್ಟಾಗ ಗುಂಡಿಯಲ್ಲಿ ಒರತೆ ಕಾಣುತ್ತದೆ.

ಕುಷ್ಟಗಿ ಸಿವಿಲ್

ಹಾಗಿದ್ದರೆ ಪಾಯದ ಕೆಲಸ ಕಾಲುವೆ ಬಂದ್ ಇರುವಾಗಲೇ ಮುಗಿಸಿ. ಬೇಸ್‌ಮೆಂಟ್ (ನೆಲದಿಂದ ಮೇಲೆ ಮನೆ ನಿಲ್ಲುವ ಕಟ್ಟೆ) ಮೂರಡಿಗಿಂತ ಕಡಿಮೆ ಬೇಡ. ಅದರೊಳಗೆ ತೋಡಿದ ಎರೆ ಮಣ್ಣನ್ನೇ ವಾಪಸ್ ತುಂಬಲು ಗುತ್ತಿಗೆದಾರ ನೋಡುತ್ತಾನೆ. ಬಿಡಬೇಡಿ. ಒಳಗಿನ ನೆಲವೂ ಊದಿ ಎದ್ದು, ಬಾಗಿಲು ಕೂರದ ಹಾಗಾಗುತ್ತದೆ.

ಮಾಳಿಗೆ ಮನೆ (ಲಿಂಗಸುಗೂರು)

ನಾನು ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ನಮ್ಮ ಕಡೆ ಮೇಲ್ಮುದ್ದಿ ಮನೆ ಅಂತಲೂ ಅನ್ನುತ್ತಾರೆ. ಎರಡಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಮೇಲೆ ತೊಲೆ, ಅದರ ಮೇಲೆ ಜಂತಿ, ಜಂತಿ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ಸೊಪ್ಪು, ಆಮೇಲೆ ಒಂದು ಮೊಳದಷ್ಟು ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಬೆಳಕಿಗೆ ನಡುಮನೆಯಲ್ಲಿ ಒಂದು ಬೆಳಕಿಂಡಿ. ಮಳೆ ಬಂದರೆ ಅದರ ಮೇಲೆ ಗಡಿಗೆ ಮುಚ್ಚುತ್ತಿದ್ದರು.

ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೂ ಪಡಸಾಲೆಯಲ್ಲಿ ಬರೀ ನೆಲದ ಮೇಲೆ ಮಲಗುತ್ತಿದ್ದೆವು. ಈಗ ಅದೇ ಜಾಗದಲ್ಲಿ ಅಣ್ಣ ಆರ್‌ಸಿಸಿ ಮನೆ ಕಟ್ಟಿದ್ದಾನೆ. ರಾತ್ರಿ ಹತ್ತಕ್ಕೂ ಫ್ಯಾನ್ ಹಾಕಿದರೆ ಮೇಲಿಂದ ಬಿಸಿ ಗಾಳಿಯನ್ನೇ ತಳ್ಳುತ್ತದೆ. ಮನೆ ಚೆಂದ ಇದೆ, ಮಲಗುವುದು ಮಾತ್ರ ಅಂಗಳದಲ್ಲಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಗೋಡೆ ಯಾವುದಾದರೂ ಇರಲಿ, ಮೇಲೆ ಏನು ಹಾಕುತ್ತೀರಿ?

ತುಂಗಭದ್ರಾ ದಂಡೆ

ಹಳೆ ಮನೆ ಹೊಗಳುವುದು ಸುಲಭ ಅಕ್ಕ. 2009ರ ಮಳೆ ನೆನಪಿದೆಯಾ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಮಣ್ಣಿನ ಮನೆ ಸಾಲುಸಾಲಾಗಿ ಕುಸಿದವು. ನಮ್ಮ ಓಣಿಯಲ್ಲಿ ಸ್ಲ್ಯಾಬ್ ಮನೆಗಳಷ್ಟೇ ಉಳಿದದ್ದು. ಅವತ್ತಿನಿಂದ ನಮ್ಮಪ್ಪ ಮಣ್ಣಿನ ಮನೆ ಅಂದರೆ ಸಾಕು, ಕೈ ಮುಗಿಯುತ್ತಾರೆ. ವರ್ಷಾ ವರ್ಷಾ ಮಾಳಿಗೆ ಮೇಲೆ ಮಣ್ಣು ಹೊರುವವರು ಯಾರು? ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ.

ಮಾಳಿಗೆ ಮನೆ (ಲಿಂಗಸುಗೂರು)

ಅದೂ ನಿಜ. ಮಣ್ಣು ಹೊತ್ತದ್ದು ನಮ್ಮವ್ವ, ಅಪ್ಪ ಅಲ್ಲ. ಬುಟ್ಟಿ ಹೊತ್ತು ನಿಚ್ಚಣಿಕೆ ಹತ್ತುತ್ತಿದ್ದಳು. ಮತ್ತೆ ಮಣ್ಣಿನ ಮಾಳಿಗೆಯನ್ನೇ ಹಾಕಿ ಅಂತ ನಾನು ಹೇಳುತ್ತಿಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕಲ್ಲ ಅಂತ.

ಯಲಬುರ್ಗಾ ಮೇಷ್ಟ್ರು

ಸವಳು ಮಣ್ಣಿನ ಮಾತು ಬಂತು, ಒಂದು ವಿಷಯ ಸೇರಿಸುತ್ತೇನೆ. ಸವಳು ಅಂದರೆ ಸೋಡಿಯಂ ಜಾಸ್ತಿ ಇರುವ ಮಣ್ಣು. ಮೊದಲ ಮಳೆಗೆ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ ಕೆಳಗಿನ ಸಂದುಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ನೀರು ಇಳಿಯುವುದಿಲ್ಲ, ಹರಿದು ಹೋಗುತ್ತದೆ. ಬೆಳೆಗೆ ಕೆಟ್ಟದ್ದಾದ ಮಣ್ಣು ಮಾಳಿಗೆಗೆ ಒಳ್ಳೆಯದು. ಹಳಬರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಸೋರದ ಮಣ್ಣು ಯಾವ ದಿಬ್ಬದಲ್ಲಿದೆ ಅಂತ ಗೊತ್ತಿತ್ತು.

2009ರಲ್ಲಿ ಬಿದ್ದ ಮನೆಗಳ ಬಗ್ಗೆಯೂ ಹೇಳಬೇಕು. ನಾನು ನೋಡಿದ ಬಹಳಷ್ಟು ಮನೆಗಳಲ್ಲಿ ಮೊದಲು ಹೋದದ್ದು ಗೋಡೆಯ ಬುಡ. ನೀರು ನಿಂತು ಕೆಳಗಿನ ಎರಡಡಿ ಕರಗಿತು, ಮೇಲಿನ ಭಾರ ಕೂತಿತು. ಕೆಲವು ಮನೆಗಳಲ್ಲಿ ಮಾಳಿಗೆ ಮೇಲೆ ವರ್ಷಾ ವರ್ಷಾ ಹೊಸ ಮಣ್ಣು ಹಾಕಿದ್ದರೇ ಹೊರತು ಹಳೆಯದನ್ನು ತೆಗೆದಿರಲಿಲ್ಲ. ಜಂತಿ ಎಷ್ಟು ಭಾರ ತಡೆದೀತು? ಕಲ್ಲಿನ ಬೇಸ್‌ಮೆಂಟ್ ಎತ್ತರ ಇದ್ದು, ಸಜ್ಜಾ ಸರಿ ಇದ್ದ ಮಣ್ಣಿನ ಮನೆಗಳು ನಿಂತಿವೆ. ಆನೆಗೊಂದಿಗೆ ಹೋಗಿ ನೋಡಿ. ಹಳೆ ಮನೆಗಳನ್ನು ರಿಪೇರಿ ಮಾಡಿ ಬಂದವರಿಗೆ ಬಾಡಿಗೆಗೆ ಕೊಡುತ್ತಿದ್ದಾರೆ. ಪೇಟೆಯವರು ದುಡ್ಡು ಕೊಟ್ಟು ಮಣ್ಣಿನ ಮನೆಯಲ್ಲಿ ಮಲಗುತ್ತಾರೆ, ನಾವು ಸಾಲ ಮಾಡಿ ಸ್ಲ್ಯಾಬ್ ಕೆಳಗೆ ಬೇಯುತ್ತೇವೆ.

ಇನ್ನು ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಲುಮನೆಗಳು ಎರಡು ಸಾವಿರ ವರ್ಷ ದಾಟಿ ನಿಂತಿವೆ. ಅವು ಸತ್ತವರ ಮನೆಗಳು ಅನ್ನುವುದು ಬೇರೆ ಮಾತು!

ಶಕ್ತಿನಗರ ವಾಸಿ

ಬೂದಿ ಇಟ್ಟಿಗೆ ಬಗ್ಗೆ ನಾನು ಹೇಳಬಹುದು. ಮನೆ ಕಟ್ಟಿ ವಾಸ ಇದ್ದೇನೆ.

ಮೊದಲು ಬೂದಿ ಎಲ್ಲಿಂದ ಬರುತ್ತದೆ ನೋಡಿ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ (ಆರ್‌ಟಿಪಿಎಸ್) 1,720 ಮೆಗಾವ್ಯಾಟ್, ಯರಮರಸ್ 1,600, ಬಳ್ಳಾರಿಯ ಕುಡಿತಿನಿ 1,700. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಭಾಗ ಬೂದಿಯೇ. ಅಷ್ಟೂ ಬೂದಿ ಎಲ್ಲಾದರೂ ಹೋಗಲೇಬೇಕಲ್ಲ. ಹೊಂಡದಲ್ಲಿ ಬಿದ್ದಿದ್ದರೆ ಬೇಸಿಗೆ ಗಾಳಿಗೆ ನಮ್ಮ ಮೂಗಿಗೆ, ಬಟ್ಟೆಗೆ, ರೊಟ್ಟಿಗೆ. ಇಟ್ಟಿಗೆ ಆದರೆ ಒಂದು ಕಡೆ ಕೂರುತ್ತದೆ. 1999ರಿಂದಲೇ ಕೇಂದ್ರ ಸರ್ಕಾರದ ಅಧಿಸೂಚನೆ ಇದೆ, ಸ್ಥಾವರದ ಸುತ್ತಮುತ್ತ ಇಟ್ಟಿಗೆಗೆ ಬೂದಿ ಬಳಸಿ ಅಂತ. 2021ರ ಕೊನೆಯ ಅಧಿಸೂಚನೆ ಇನ್ನೂ ಬಿಗಿ.

ಇದಕ್ಕೆ ಹೊಲದ ಮೇಲ್ಮಣ್ಣು ಬೇಡ, ಭಟ್ಟಿ ಬೇಡ, ಸುಡುವ ಹೊಟ್ಟು ಸೌದೆ ಬೇಡ. ಬೂದಿ, ಕ್ರಷರ್ ಪುಡಿ, ಸ್ವಲ್ಪ ಸಿಮೆಂಟ್ ಅಥವಾ ಸುಣ್ಣ, ಜಿಪ್ಸಮ್. ಯಂತ್ರದಲ್ಲಿ ಒತ್ತಿ, ಎರಡು ಮೂರು ವಾರ ನೀರು ಉಣಿಸುತ್ತಾರೆ. ಉಣಿಸಬೇಕು ಅನ್ನಿ. ಎಲ್ಲ ಕೆಟ್ಟದ್ದು ಆಗುವುದು ಇಲ್ಲೇ. ಬೇಡಿಕೆ ಜಾಸ್ತಿ ಇದ್ದಾಗ ನಾಲ್ಕೇ ದಿನಕ್ಕೆ ಲಾರಿಗೆ ಏರಿಸುವವರೂ ಇದ್ದಾರೆ. ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಹಾಕಿ ನೋಡಿ, ಒಡೆಯಬಾರದು. ಎರಡು ಇಟ್ಟಿಗೆ ಬಡಿದರೆ ಠಣ್ ಅನ್ನಬೇಕು. ಉಗುರಿನಿಂದ ಗೀಚಿದರೆ ಪುಡಿ ಉದುರಬಾರದು.

ತುಂಗಭದ್ರಾ ದಂಡೆ

ಅದರಲ್ಲಿ ರೇಡಿಯೇಶನ್ ಇರುತ್ತದೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತಲ್ಲ?

ಯಲಬುರ್ಗಾ ಮೇಷ್ಟ್ರು

ಕಲ್ಲಿದ್ದಲಿನಲ್ಲಿ ಯುರೇನಿಯಂ, ಥೋರಿಯಂ ಅತಿ ಸಣ್ಣ ಪ್ರಮಾಣದಲ್ಲಿ ಇರುತ್ತವೆ. ಸುಟ್ಟ ಮೇಲೆ ಬೂದಿಯಲ್ಲಿ ಸ್ವಲ್ಪ ಗಟ್ಟಿಯಾಗುತ್ತವೆ. ಆದರೆ ಮಣ್ಣಿನಲ್ಲೂ ಅವು ಇವೆ, ಗ್ರಾನೈಟ್‌ನಲ್ಲಿ ಇನ್ನೂ ಚೆನ್ನಾಗಿಯೇ ಇವೆ. ನೀವು ಹೆಮ್ಮೆಯಿಂದ ಮನೆ ತುಂಬ ಹಾಸುವ ಕೆಂಪು ಗ್ರಾನೈಟ್‌ಗೆ ಹೆದರದವರು ಬೂದಿ ಇಟ್ಟಿಗೆಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಗಾಳಿಯಲ್ಲಿ ಹಾರುವ ಬೂದಿಗೆ.

ಬೂದಿ ಅಂದಾಗ ನೆನಪಾಯಿತು. ಕುಡಿತಿನಿ ಹತ್ತಿರ ನವಶಿಲಾಯುಗದ ಬೂದಿದಿಬ್ಬ ಇದೆ, ದನದ ಸಗಣಿ ಸುಟ್ಟು ಸುಟ್ಟು ಆದ ಗುಡ್ಡೆ. ಅದೇ ಊರಿನ ಪಕ್ಕ ಈಗ ಕಲ್ಲಿದ್ದಲ ಬೂದಿ. ಊರಿನ ಹಣೆಬರಹ ನೋಡಿ!

ಗೌಂಡಿ ಮನೆತನ (ಗಂಗಾವತಿ)

ನಾನು ಕೆಲಸ ಮಾಡುವವನು, ಅದನ್ನೇ ಹೇಳುತ್ತೇನೆ. ಬೂದಿ ಇಟ್ಟಿಗೆ ಸೈಜ್ ಒಂದೇ ಸಮ ಇರುತ್ತದೆ, ಗೋಡೆ ನೆಟ್ಟಗೆ ಬರುತ್ತದೆ. ಆದರೆ ಮೈ ನುಣುಪು. ಕೆಂಪು ಇಟ್ಟಿಗೆ ತೋಯಿಸಿದ ಹಾಗೆ ಇದನ್ನು ನೀರಲ್ಲಿ ನೆನೆಹಾಕಬಾರದು, ಮೇಲೆ ಚಿಮುಕಿಸಿದರೆ ಸಾಕು. ಗಿಲಾವ್ (ಪ್ಲಾಸ್ಟರ್) ಮಾಡುವಾಗ ಸಿಮೆಂಟ್ ಜಾಸ್ತಿ ಹಾಕಿ ಅಂತ ಮನೆಯವರು ಒತ್ತಾಯ ಮಾಡುತ್ತಾರೆ. ಹಾಕಿದರೆ ಕೂದಲೆಳೆ ಬಿರುಕು ಗ್ಯಾರಂಟಿ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು ಸಾಕು. ಕಾಲಂ, ಗೋಡೆ ಸೇರುವ ಜಾಗದಲ್ಲಿ ತಂತಿ ಜಾಳಿಗೆ ಹೊಡೆಯಿರಿ.

ಎಎಸಿ ಬ್ಲಾಕ್ ಅಂದವರಿಗೆ: ತಂಪು ನಿಜ. ಆದರೆ ಸಿಂಧನೂರಿಗೆ ಅದು ದೂರದಿಂದ ಬರಬೇಕು, ದಾರಿಯಲ್ಲೇ ಮೂಲೆ ಒಡೆಯುತ್ತದೆ. ಬಚ್ಚಲ ಗೋಡೆಗೆ ಹಾಕಿ ನೀರು ಕುಡಿಸಿದರೆ ನನ್ನನ್ನು ಬೈಯಬೇಡಿ.

ಬಳ್ಳಾರಿ ಬಿಸಿಲು

ಬೈಯುವುದಿಲ್ಲ ಗೌಂಡಿ ಅಣ್ಣ 🙂 ನಮ್ಮ ಮನೆಗೆ ಎಎಸಿ ಹಾಕಿ ಆರಾಮಾಗಿ ಇದ್ದೇವೆ. ಆದರೆ ಒಂದು ಮಾತು ಒಪ್ಪಬೇಕು, ಮೇಲಿನ ರೂಮಿನಲ್ಲಿ ಮಧ್ಯಾಹ್ನ ಕೂರಲಾಗುವುದಿಲ್ಲ. ಗೋಡೆ ತಂಪು, ನೆತ್ತಿ ಬಿಸಿ.

ಕುಷ್ಟಗಿ ಸಿವಿಲ್

ಈಗ ಸರಿಯಾದ ಜಾಗಕ್ಕೆ ಬಂದಿರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸಿಂಧನೂರು ಇರುವುದು ಹೆಚ್ಚುಕಮ್ಮಿ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ನಡು ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬರುತ್ತಾನೆ, ಕಂಬದ ನೆರಳು ಬುಡದಲ್ಲೇ ಮುಗಿಯುತ್ತದೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ. ಅಂದರೆ ಅತಿ ಕೆಟ್ಟ ಬೇಸಿಗೆಯಲ್ಲಿ ದಕ್ಷಿಣದ ಗೋಡೆ ಬಹುಪಾಲು ಸುರಕ್ಷಿತ. ಬಿಸಿಲು ಪೂರ್ತಿ ಬೀಳುವುದು ಸ್ಲ್ಯಾಬ್ ಮೇಲೆ. ಆಮೇಲೆ ಸಂಜೆ ಪಶ್ಚಿಮದ ಗೋಡೆ ಮೇಲೆ. ಒಂದಂತಸ್ತಿನ ಮನೆಗೆ ಸೆಖೆ ಬರುವುದು ಮುಖ್ಯವಾಗಿ ಮೇಲಿಂದ. ಆದರೂ ಎಲ್ಲರೂ ಗೋಡೆ ಬಗ್ಗೆಯೇ ಜಗಳ ಆಡುತ್ತಾರೆ. ಇಟ್ಟಿಗೆ ಮಾರುವವರಿದ್ದಾರೆ, ನೆರಳು ಮಾರುವವರಿಲ್ಲ, ಅದಕ್ಕೇ ಇರಬೇಕು.

ಐದು ಇಂಚಿನ ಸ್ಲ್ಯಾಬ್ ಮೂರು ನಾಲ್ಕು ತಾಸಿನಲ್ಲಿ ಶಾಖವನ್ನು ಕೆಳಗೆ ದಾಟಿಸುತ್ತದೆ. ಎರಡು ಗಂಟೆಯ ಬಿಸಿಲು ಸಂಜೆ ನಿಮ್ಮ ಹಾಸಿಗೆಗೆ. ಲಿಂಗಸುಗೂರು ಅಕ್ಕನ ಮಾಳಿಗೆಯಲ್ಲಿ ಅದೇ ಶಾಖ ಇಳಿಯುವಷ್ಟರಲ್ಲಿ ರಾತ್ರಿ ಆಗಿ ಹೊರಗೆ ತಂಪಾಗಿರುತ್ತಿತ್ತು. ಕೇಂದ್ರ ಸರ್ಕಾರದ ಇಕೋ ನಿವಾಸ್ ಸಂಹಿತೆ 2018ರಲ್ಲಿ ಬಂತು. ಮನೆಯ ಛಾವಣಿ ಮೂಲಕ ಶಾಖ ಎಷ್ಟು ಇಳಿಯಬಹುದು ಅನ್ನುವುದಕ್ಕೆ ಅದರಲ್ಲಿ ಮಿತಿ ಇದೆ, ಚದರ ಮೀಟರ್‌ಗೆ ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್. ಬರೀ ಸ್ಲ್ಯಾಬ್ ಅದರ ಮೂರು ಪಟ್ಟಿನ ಹತ್ತಿರ ಇರುತ್ತದೆ.

ಏನು ಮಾಡಬಹುದು? ಅತಿ ಅಗ್ಗದ್ದು ಬಿಳಿ ಸುಣ್ಣ. ಅಂಟು ಬೆರೆಸಿ ಎರಡು ಕೋಟ್, ಮಾರ್ಚ್ ತಿಂಗಳಲ್ಲಿ. ಬೂದು ಬಣ್ಣದ ಹಳೆ ಕಾಂಕ್ರೀಟ್ ಬಿಸಿಲಿನ ಬಹುಪಾಲನ್ನು ನುಂಗುತ್ತದೆ. ಶುಭ್ರ ಬಿಳಿ ಮೈ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಕೆಳಗಿನ ಕೋಣೆ ಎರಡರಿಂದ ನಾಲ್ಕು ಡಿಗ್ರಿ ತಂಪಾಗುತ್ತದೆ. ಪಕ್ಕದ ತೆಲಂಗಾಣದವರು 2023ರಲ್ಲಿ ಇದಕ್ಕೇ ಒಂದು ನೀತಿ ತಂದಿದ್ದಾರೆ, ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ. ಕೃಷ್ಣೆ ದಾಟಿದರೆ ಆ ರಾಜ್ಯ, ಬಿಸಿಲಂತೂ ಒಂದೇ.

ಬಾಳಿಕೆ ಬೇಕಾದರೆ ಬ್ರಿಕ್‌ಬ್ಯಾಟ್ ಕೋಬಾ, ಅಂದರೆ ಇಟ್ಟಿಗೆ ಚೂರು, ಗಾರೆ ಸೇರಿಸಿದ ಪದರ ಹಾಕಿ, ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸಿ. ಅಂಗಡಿಗಳಲ್ಲಿ ಒಡೆದ ಟೈಲ್ಸ್ ಬಹಳ ಕಡಿಮೆಗೆ ಸಿಗುತ್ತದೆ. ಆದರೆ ನಾಲ್ಕು ಇಂಚು ಕೋಬಾ ಅಂದರೆ ಚದರ ಮೀಟರ್‌ಗೆ ಸುಮಾರು 200 ಕಿಲೋ ಹೆಚ್ಚುವರಿ ಭಾರ. ಸ್ಲ್ಯಾಬಿನ ಕಬ್ಬಿಣ ಲೆಕ್ಕ ಹಾಕುವಾಗಲೇ ಹೇಳಿ, ಆಮೇಲೆ ನೆನಪಾಯಿತು ಅನ್ನಬೇಡಿ.

ಬಳ್ಳಾರಿಯ ಹಳೆ ಬಂಗಲೆಗಳಲ್ಲಿ ಮದ್ರಾಸ್ ಟೆರೇಸ್ ಇದೆ. 1953ರವರೆಗೆ ಆ ಊರು ಮದ್ರಾಸಿನವರ ಕೈಯಲ್ಲಿತ್ತಲ್ಲ. ಕಟ್ಟಿಗೆ ತೊಲೆ ಮೇಲೆ ಸಣ್ಣ ಇಟ್ಟಿಗೆ ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆ, ಮೇಲೆ ಇಟ್ಟಿಗೆ ಚೂರಿನ ಗಚ್ಚು. ಸಾಧ್ಯವಾದರೆ ಮೇ ತಿಂಗಳಲ್ಲಿ ಅಂಥ ಒಂದು ಕಟ್ಟಡದೊಳಗೆ ನಿಂತು ನೋಡಿ. ಈಗ ಹಾಗೆ ಕಟ್ಟಲು ತೇಗವೂ ಇಲ್ಲ, ಕೈಯೂ ಇಲ್ಲ.

ಸಂಡೂರು ಧೂಳು

ಬಿಳಿ ಸುಣ್ಣ ಎಲ್ಲ ಕಡೆ ನಡೆಯುವುದಿಲ್ಲ ಸರ್. ನಮ್ಮ ಕಡೆ ಬಳಿದರೆ ಯುಗಾದಿಗೆ ಬಿಳಿ, ಕಾರಹುಣ್ಣಿಮೆಗೆ ಕೆಂಪು. ಅದಿರಿನ ಧೂಳು. ವಾರಕ್ಕೊಮ್ಮೆ ಕಸಬರಿಗೆ ಆಡಿಸಲೇಬೇಕು.

ಅಡುಗೆ ಮನೆ ಕಿಟಕಿ (ಕಾರಟಗಿ)

ಒಂದು ಮಾತು ಯಾರೂ ಹೇಳಲಿಲ್ಲ. ಮಾಳಿಗೆ ಅಂದರೆ ಬರೀ ಬಿಸಿಲು ತಡೆಯುವ ಹಲಗೆಯಲ್ಲ. ಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಕಾಳು ಒಣಗಿಸುವುದು ಅಲ್ಲೇ. ಬಿಳಿ ಟೈಲ್ಸ್ ಮೇಲೆ ಹನ್ನೆರಡು ಗಂಟೆಗೆ ಹೋಗಿ ಹಪ್ಪಳ ಮಗುಚಿ ನೋಡಿ, ಕಣ್ಣು ಕುಕ್ಕುತ್ತದೆ. ಒಂದು ಮೂಲೆಯಲ್ಲಿ ಒರಟು ಕಲ್ಲು ಹಾಸಿ ಬಿಡಿ, ಅವ್ವ ನಿಮ್ಮನ್ನು ಹರಸುತ್ತಾರೆ.

ಅಡುಗೆ ಮನೆಯನ್ನು ಪಶ್ಚಿಮಕ್ಕೆ ಇಡಬೇಡಿ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಬಿಸಿಲು, ಒಲೆ ಎರಡೂ ಸೇರಿ ಹೆಣ್ಣುಮಕ್ಕಳನ್ನು ಬೇಯಿಸುತ್ತವೆ. ಪಶ್ಚಿಮಕ್ಕೆ ಬಚ್ಚಲು, ಸ್ಟೋರ್ ರೂಮ್, ಮೆಟ್ಟಿಲು ಇಡಿ. ಅವು ಬಿಸಿಯಾದರೆ ಯಾರಿಗೂ ತೊಂದರೆ ಇಲ್ಲ. ವಾಸ್ತುವಿನವರು ಆಗ್ನೇಯಕ್ಕೆ ಅಡುಗೆ ಮನೆ ಅನ್ನುತ್ತಾರಲ್ಲ, ಆ ಒಂದು ವಿಷಯದಲ್ಲಿ ಬಿಸಿಲೂ ವಾಸ್ತುವೂ ಜಗಳ ಆಡುವುದಿಲ್ಲ.

ಕಾಲುವೆ ಕೆಳಗಿನವನು

ಅಕ್ಕ, ಇದನ್ನು ಅವ್ವನಿಗೆ ಓದಿ ಹೇಳಿದೆ. ಮೆಣಸಿನಕಾಯಿ ಮೂಲೆ ಮಂಜೂರಾಗಿದೆ. ಅಡುಗೆ ಮನೆಯೂ ಪೂರ್ವಕ್ಕೆ ಹೋಯಿತು.

ಇನ್ನೊಂದು ಪ್ರಶ್ನೆ. ಫಿಲ್ಲರ್ ಸ್ಲ್ಯಾಬ್ ಅಂತ ಕೇಳಿದೆ. ನಮ್ಮ ಕಡೆ ಯಾರಾದರೂ ಮಾಡುತ್ತಾರಾ?

ಗೌಂಡಿ ಮನೆತನ (ಗಂಗಾವತಿ)

ಮಾಡಿದ್ದೇನೆ. ಸೆಂಟ್ರಿಂಗ್ ಮೇಲೆ ಸರಳಿನ ಚೌಕದ ನಡುವೆ ಎರಡು ಮಂಗಳೂರು ಹಂಚು ಬೋರಲು ಇಟ್ಟು ಕಾಂಕ್ರೀಟ್ ಹಾಕುವುದು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟ್ ಹೇಗೂ ಭಾರ ಹೊರುವುದಿಲ್ಲ, ಅಲ್ಲಿ ಕೆಲಸ ಮಾಡುವುದು ಕಬ್ಬಿಣ. ಹಾಗಾಗಿ ಅಷ್ಟು ಕಾಂಕ್ರೀಟ್ ಉಳಿಯುತ್ತದೆ. ಹಂಚಿನ ನಡುವೆ ಗಾಳಿ ಇರುವುದರಿಂದ ಸ್ವಲ್ಪ ತಂಪು ಕೂಡ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಹಳ ಮನೆಗೆ ಹಾಕಿಸಿದ್ದರು.

ತೊಂದರೆ ಏನು ಅಂದರೆ, ಕಾಂಕ್ರೀಟ್ ಹಾಕುವ ದಿನ ಹತ್ತಿಪ್ಪತ್ತು ಜನ ಓಡಾಡುತ್ತಾರೆ, ಹಂಚು ತುಳಿದು ಒಡೆಯುತ್ತಾರೆ. ಹಲಗೆ ಹಾಕಿ ಓಡಾಡಿಸಬೇಕು. ಒಬ್ಬ ಎಂಜಿನಿಯರ್ ಡಿಸೈನ್ ಕೊಟ್ಟು, ಅವತ್ತು ಮುಂದೆ ನಿಂತರೆ ಮಾಡಿಸಿ. ಇಲ್ಲದಿದ್ದರೆ ಬೇಡ.

ಬೇಕರ್ ಅವರದ್ದೇ ಇನ್ನೊಂದು, ರ್‍ಯಾಟ್ ಟ್ರ್ಯಾಪ್ ಬಾಂಡ್. ಇಟ್ಟಿಗೆಯನ್ನು ಅಡ್ಡ ಮಲಗಿಸದೆ ಮಗ್ಗುಲ ಮೇಲೆ ನಿಲ್ಲಿಸಿ, ನಡುವೆ ಮೂರಿಂಚು ಟೊಳ್ಳು ಬಿಟ್ಟು 9 ಇಂಚಿನ ಗೋಡೆ ಕಟ್ಟುವುದು. ನಾಲ್ಕರಲ್ಲಿ ಒಂದು ಇಟ್ಟಿಗೆ ಉಳಿಯುತ್ತದೆ, ಸಿಮೆಂಟೂ ಕಡಿಮೆ. ಟೊಳ್ಳಿನಲ್ಲಿ ಗಾಳಿ, ಸೆಖೆಗೆ ತಡೆ. ಸೊಟ್ಟ ಇಟ್ಟಿಗೆಯಲ್ಲಿ ಬರುವುದಿಲ್ಲ, ಬೂದಿ ಇಟ್ಟಿಗೆಗೆ ಚೆನ್ನಾಗಿ ಬರುತ್ತದೆ. ಕರೆಂಟ್ ಪೈಪ್ ಎಲ್ಲಿ ಹೋಗಬೇಕು ಅಂತ ಮೊದಲೇ ಗುರುತು ಹಾಕಿಕೊಡಿ. ಕಟ್ಟಿದ ಮೇಲೆ ಗೋಡೆ ಒಡೆಯಬೇಡಿ. ಮೊದಲ ಎರಡು ವರಸೆಗೆ ಗೌಂಡಿ ಗೊಣಗುತ್ತಾನೆ, ಆಮೇಲೆ ಕೈ ಕೂರುತ್ತದೆ.

ಮತ್ತೆ, 53 ಗ್ರೇಡ್ ಸಿಮೆಂಟೇ ಬೇಕು ಅಂತ ಹಟ ಹಿಡಿಯಬೇಡಿ. ಗೋಡೆ, ಗಿಲಾವ್‌ಗೆ ಪಿಪಿಸಿ ಸಾಕು. ಅದರಲ್ಲೂ ಬೂದಿಯೇ ಇರುತ್ತದೆ.

ಕುಷ್ಟಗಿ ಸಿವಿಲ್

ಹೌದು, ಪಿಪಿಸಿಯಲ್ಲಿ ನೂರಕ್ಕೆ 35ರವರೆಗೆ ಬೂದಿ ಇರಬಹುದು. ಸ್ಲ್ಯಾಗ್ ಸಿಮೆಂಟ್‌ನಲ್ಲಿ 70ರವರೆಗೂ ಉಕ್ಕಿನ ಕಾರ್ಖಾನೆಯ ಕಿಟ್ಟ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ ಇರುವಾಗ ನಮಗೆ ಅದು ದೂರದ್ದೇನಲ್ಲ. ಸಿಮೆಂಟಿನ ಕ್ಲಿಂಕರ್ ಒಂದು ಟನ್ ಸುಟ್ಟರೆ 800 ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಪರಿಸರ ಅಂತ ಬೋರ್ಡ್ ಹಾಕಿದ ಬಣ್ಣ ತರುವುದಕ್ಕಿಂತ ಇಲ್ಲಿ ಚೀಲ ಕಡಿಮೆ ಮಾಡುವುದು ದೊಡ್ಡದು. ಸ್ಲ್ಯಾಗ್, ಪಿಪಿಸಿ ಎರಡೂ ನಿಧಾನ ಗಟ್ಟಿಯಾಗುತ್ತವೆ. ನಮ್ಮ ಬಿಸಿಲಿನಲ್ಲಿ ಹತ್ತು ದಿನವಾದರೂ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಿ. ಸೆಂಟ್ರಿಂಗ್ ಬಿಚ್ಚಲು ಆತುರ ಬೇಡ.

ಮಾನ್ವಿ ಬಾವಿ

ನೀರಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ, ಕೊಪ್ಪಳದಲ್ಲೂ ಅಷ್ಟೇ. ಮಳೆ ನೀರಿನಲ್ಲಿ ಅದಿಲ್ಲ. ವರ್ಷಕ್ಕೆ 600 ಮಿ.ಮೀ. ಮಳೆ ಅಂದುಕೊಳ್ಳಿ. ಸಾವಿರ ಚದರಡಿ ಮಾಳಿಗೆ ಮೇಲೆ 55 ಸಾವಿರ ಲೀಟರ್ ಬೀಳುತ್ತದೆ. ಪೋಲು ಕಳೆದು 45 ಸಾವಿರ ಹಿಡಿಯಬಹುದು. ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಅಂದರೂ ವರ್ಷಕ್ಕೆ 11 ಸಾವಿರ ಲೀಟರ್ ಸಾಕು. ಮೊದಲ ಎರಡು ಮಳೆ ಹೊರಗೆ ಬಿಡಿ, ಧೂಳು ಬೂದಿ ಎಲ್ಲ ಹೋಗಲಿ. ಬಿಳಿ ಟೈಲ್ಸ್ ಮಾಳಿಗೆಯಾದರೆ ತೊಳೆಯುವುದೂ ಸುಲಭ. ತೊಟ್ಟಿಯನ್ನು ಮಾತ್ರ ಎರೆ ನೆಲದಲ್ಲಿ ಮನೆ ಪಾಯಕ್ಕೆ ಅಂಟಿಸಿ ಕಟ್ಟಬೇಡಿ. ಸೋರಿದರೆ ಪಾಯಕ್ಕೇ ಪೆಟ್ಟು.

ತುಂಗಭದ್ರಾ ದಂಡೆ

ಸೋಲಾರ್?

ಶಕ್ತಿನಗರ ವಾಸಿ

2024ರಲ್ಲಿ ಬಂದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಇದೆ. ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಿದರೆ ಮಾಳಿಗೆಗೆ ನೆರಳೂ ಆಯಿತು. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬರದ ಮನೆಗೆ ಎಷ್ಟು ಲಾಭ ಅಂತ ಲೆಕ್ಕ ಹಾಕಿ ಮುಂದುವರಿಯಿರಿ.

ಮಾಳಿಗೆ ಮನೆ (ಲಿಂಗಸುಗೂರು)

ಮಣ್ಣಿನ ಬ್ಲಾಕ್ ವಿಷಯ ಅರ್ಧಕ್ಕೇ ನಿಂತಿತು. ಅದು ಸರಿಯೋ ತಪ್ಪೋ?

ಕುಷ್ಟಗಿ ಸಿವಿಲ್

ಸರಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನುವ ವಿಭಾಗ ಶುರುವಾಯಿತು. ಪ್ರೊ. ಕೆ.ಎಸ್. ಜಗದೀಶ್ ಮತ್ತವರ ಜೊತೆಗಾರರು ಅಲ್ಲಿ ಒತ್ತಿದ ಮಣ್ಣಿನ ಬ್ಲಾಕ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೈಯಿಂದ ಒತ್ತುವ ಯಂತ್ರ, ನೂರು ಭಾಗ ಮಣ್ಣಿಗೆ 5ರಿಂದ 8 ಭಾಗ ಸಿಮೆಂಟ್, ಸುಡುವುದಿಲ್ಲ. ನೆರಳಲ್ಲಿ ಮೂರು ವಾರ ತೇವ ಆರದ ಹಾಗೆ ಇಡಬೇಕು.

ಆದರೆ ಎಲ್ಲ ಮಣ್ಣೂ ಆಗುವುದಿಲ್ಲ. ಎರೆ ಮಣ್ಣು ಬೇಡವೇ ಬೇಡ. ಮಸಾರಿ ಆಗುತ್ತದೆ, ಮೂರರಲ್ಲಿ ಎರಡು ಪಾಲು ಉಸುಕು ಇದ್ದು, ಜೇಡಿ ನೂರಕ್ಕೆ 10ರಿಂದ 20 ಇದ್ದರೆ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡಿ. ಉಸುಕು ಒಂದು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ. ಮರಳುಜೇಡಿ (ಹೂಳಿನಂಥ ನಯ ಮಣ್ಣು) ಸ್ವಲ್ಪ ಹೊತ್ತಿಗೆ. ಜೇಡಿ ಮರುದಿನ. ಮೂರು ಪದರ ಕಾಣುತ್ತದೆ, ಸ್ಕೇಲ್ ಹಿಡಿದು ಅಳೆಯಿರಿ.

ಮಾವನವರ ಹೊಲದ ಮೇಲ್ಮಣ್ಣು ತೆಗೆಯಬೇಡಿ. ಅದರಲ್ಲಿ ಗೊಬ್ಬರ, ಬೇರು ಇರುತ್ತದೆ, ಬ್ಲಾಕಿಗೂ ಕೆಟ್ಟದ್ದು, ಹೊಲಕ್ಕೂ ನಷ್ಟ. ಎರಡಡಿ ಕೆಳಗಿನದ್ದು ನೋಡಿ.

ಯಲಬುರ್ಗಾ ಮೇಷ್ಟ್ರು

ಕೃಷಿ ಹೊಂಡ ತೋಡಿಸುವವರು ಯಾರಾದರೂ ಇದ್ದರೆ ಆ ಮಣ್ಣೇ ಸಾಕು. ಹೊಂಡವೂ ಆಯಿತು, ಗೋಡೆಯೂ ಆಯಿತು.

ತುಂಗಭದ್ರಾ ದಂಡೆ

ಬ್ಯಾಂಕ್ ಸಾಲ ತೆಗೆಯುವುದಿದ್ದರೆ ಹುಷಾರು. ನನ್ನ ತಮ್ಮ ಮಣ್ಣಿನ ಬ್ಲಾಕ್ ಅಂದ ತಕ್ಷಣ ಒಂದು ಬ್ಯಾಂಕಿನವರು "ಕಚ್ಚಾ ಮನೆಗೆ ಸಾಲ ಇಲ್ಲ" ಅಂದರು. ಆಮೇಲೆ ಅವನು ಇಟ್ಟಿಗೆಯಲ್ಲೇ ಕಟ್ಟಿದ.

ಕುಷ್ಟಗಿ ಸಿವಿಲ್

ಎಸ್ಟಿಮೇಟ್‌ನಲ್ಲಿ "ಮಣ್ಣಿನ ಗೋಡೆ" ಅಂತ ಬರೆದರೆ ಹಾಗೇ ಆಗುತ್ತದೆ. ಈ ಬ್ಲಾಕಿಗೆ ಐಎಸ್ 1725 ಅನ್ನುವ ಭಾರತೀಯ ಮಾನಕ ಇದೆ. ಆ ನಂಬರ್ ಬರೆದು, ಲ್ಯಾಬಿನಲ್ಲಿ ಬ್ಲಾಕಿನ ಗಟ್ಟಿತನ ಪರೀಕ್ಷಿಸಿದ ವರದಿ ಲಗತ್ತಿಸಿದರೆ ಮಾತಾಡಲು ಒಂದು ಆಧಾರ ಇರುತ್ತದೆ. ಒಪ್ಪಿಯೇ ಒಪ್ಪುತ್ತಾರೆ ಅಂತ ಹೇಳಲಾರೆ.

ಕಾಲುವೆ ಕೆಳಗಿನವನು

ಬಾಟಲಿ ಪರೀಕ್ಷೆ ಮಾಡಿದೆ. ಮಾವನವರು ಹೊಂಡ ತೋಡಿಸಿದ್ದರು, ಅದರ ಮಣ್ಣು ದಂಡೆ ಮೇಲೆ ರಾಶಿ ಬಿದ್ದಿದೆ. ಉಸುಕು ಅರ್ಧ, ಮರಳುಜೇಡಿ ಐದರಲ್ಲಿ ಒಂದು ಪಾಲು, ಉಳಿದದ್ದು ಜೇಡಿ. ಜೇಡಿ ಜಾಸ್ತಿ ಆಯಿತಲ್ಲ?

ಕುಷ್ಟಗಿ ಸಿವಿಲ್

ಜಾಸ್ತಿಯೇ. ಮೂರು ಬುಟ್ಟಿ ಮಣ್ಣಿಗೆ ಎರಡು ಬುಟ್ಟಿ ಉಸುಕು ಅಥವಾ ಕ್ರಷರ್ ಪುಡಿ ಬೆರೆಸಿದರೆ ಸರಿಹೋಗುತ್ತದೆ. ಈಗ ಲೆಕ್ಕ ಹಾಕಿ. ಮಸ್ಕಿಯಿಂದ ಮಣ್ಣಿನ ಟ್ರ್ಯಾಕ್ಟರ್ ಬಾಡಿಗೆ, ಪುಡಿ, ಸಿಮೆಂಟ್, ಒತ್ತುವ ಕೂಲಿ, ಮೂರು ವಾರ ಇಡಲು ನೆರಳಿನ ಜಾಗ. ನಿಮ್ಮ ಸೈಟಿನಲ್ಲಿ ಆ ಜಾಗ ಇಲ್ಲ. ಮಸ್ಕಿಯಲ್ಲೇ ಮನೆ ಕಟ್ಟುವುದಾಗಿದ್ದರೆ ಕಣ್ಣು ಮುಚ್ಚಿ ಮಣ್ಣಿನ ಬ್ಲಾಕ್ ಅನ್ನುತ್ತಿದ್ದೆ. ನಿಮಗೆ ಬೂದಿ ಇಟ್ಟಿಗೆ, ರ್‍ಯಾಟ್ ಟ್ರ್ಯಾಪ್ ಗೋಡೆ ಸಾಕು. ಉಳಿದ ದುಡ್ಡು ಮಾಳಿಗೆ ಮೇಲೆ ಹಾಕಿ.

ಮಾವನವರ ಮಣ್ಣನ್ನು ಬಿಡಬೇಡಿ. ಅದು ಊದುವ ಮಣ್ಣಲ್ಲ. ಬೇಸ್‌ಮೆಂಟ್ ತುಂಬಲು ಅದನ್ನೇ ತನ್ನಿ. ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ದಿಮ್ಮಸ್ ಹೊಡೆಸಿ (ಬಡಿದು ಗಟ್ಟಿ ಮಾಡಿಸಿ), ಮತ್ತೆ ಅರ್ಧ ಅಡಿ.

ಕಾಲುವೆ ಕೆಳಗಿನವನು

ಮಾವನವರಿಗೆ ಹೇಳಿದೆ. ಗೋಡೆಗೆ ಬೇಡ, ನೆಲದ ಕೆಳಗೆ ಬೇಕು ಅಂದಾಗ ಸ್ವಲ್ಪ ಮುಖ ಸಣ್ಣ ಮಾಡಿದರು, ಆಮೇಲೆ "ಎಷ್ಟು ಟ್ರಿಪ್?" ಅಂದರು. ಗೌಂಡಿ ಅಣ್ಣ, ಬೇಸ್‌ಮೆಂಟ್ ಮೂರಡಿ, ಒಳಗಿನ ಜಾಗ 900 ಚದರಡಿ. ಎಷ್ಟು ಟ್ರ್ಯಾಕ್ಟರ್ ಆಗಬಹುದು?

ಗೌಂಡಿ ಮನೆತನ (ಗಂಗಾವತಿ)

2,700 ಘನ ಅಡಿ. ಸಡಿಲ ಮಣ್ಣು ದಿಮ್ಮಸ್ ಹೊಡೆದ ಮೇಲೆ ಕಾಲು ಭಾಗ ಇಳಿಯುತ್ತದೆ, ಹಾಗಾಗಿ 3,600 ಹಿಡಿಯಿರಿ. ಟ್ರೇಲರ್‌ಗೆ ನೂರು ಘನ ಅಡಿ ಅಂದರೆ 36 ಟ್ರಿಪ್. ಮಾವನವರಿಗೆ ಒಂದೇ ಸಲ ಹೇಳಬೇಡಿ, ಮೊದಲು ಹತ್ತು ಅನ್ನಿ.